‘ಕಸ’ ಎಂಬ ಫೋಲ್ಡರ್

ಮಾರ್ಚ್ ೧೪, ಗುರುವಾರ

ನಾನು ಬಿಟ್ಟು ಬಂದ ಗಂಡ ಕಳಿಸಿದ್ದ ಬೆದರಿಕೆಯ ಇಮೇಲ್‌ಗಳನ್ನು ನಾಳೆ ವಕೀಲರಿಗೆ ಕೊಡಬೇಕು. ಹೊಸ ಕಂಪ್ಯೂಟರಿನಲ್ಲಿ ಒಂದೂ ಇಲ್ಲ. ಕಣ್ಣಿಗೆ ಬೀಳದಿರಲೆಂದು ಅವನ್ನೆಲ್ಲ ‘ಕಸ’ ಎಂದು ಹೆಸರಿಟ್ಟ ಫೋಲ್ಡರಿಗೆ ತುಂಬಿದ್ದೆ. ಹಳೆಯದರಿಂದ ಎಲ್ಲವನ್ನೂ ಸಾಗಿಸಿಕೊಟ್ಟ ತಮ್ಮನನ್ನು ಕೇಳಿದರೆ ನಕ್ಕ. “ಹೊಸ ಮನೆಗೆ ಯಾರಾದ್ರೂ ಕಸ ಹೊತ್ಕೊಂಡು ಹೋಗ್ತಾರೇನಕ್ಕ? ಅದೊಂದನ್ನ ಬಿಟ್ಟೆ.”

ಕೈಯಲ್ಲಿದ್ದ ಗಾಜಿನ ಲೋಟವನ್ನು ಗೋಡೆಗೆ ಅಪ್ಪಳಿಸಿದೆ. ಚೂರೊಂದು ಅವನ ಕಿವಿಯ ಪಕ್ಕದಲ್ಲೇ ಹಾರಿತು.

ಪುಣ್ಯಕ್ಕೆ ಹಳೆಯ ಕಂಪ್ಯೂಟರನ್ನು ಇನ್ನೂ ಗುಜರಿಗೆ ಹಾಕಿರಲಿಲ್ಲ. ತಮ್ಮ ಅದರ ಮುಂದೆ ಕೂತ. ‘ಕಸ’ ಸಿಕ್ಕಿತು. ಸರಿಯಾಗಿದೆಯೇ ನೋಡಲು ಒಂದನ್ನು ತೆರೆದ.

“ಬಲಗೈ ಮುರಿದಿದ್ದು ಸಾಕಾಗ್ಲಿಲ್ವಾ? ಮುಂದಿನ ಸಲ ಕುತ್ತಿಗೆ.”

ಅವನು ನನ್ನ ಬಲಗೈ ಕಡೆ ತಿರುಗಿ ನೋಡಿದ. ಆಮೇಲೆ, “ಬಚ್ಚಲಲ್ಲಿ ಜಾರಿ ಬಿದ್ದೆ ಅಂದಿದ್ಯಲ್ಲಕ್ಕ,” ಎಂದ. ಮೆಲ್ಲಗೆ ಎಂದ. ಆ ಮೆಲುದನಿ ಕೇಳಿದ್ದೇ ಅವನ ಬೈಕಿನ ಕೀ ಎತ್ತಿ ಬಚ್ಚಿಟ್ಟೆ.

ಈಗ ಕಬ್ಬಿಣದ ಸಲಾಕೆ ಹಿಡಿದು ಹೊರಬಾಗಿಲಲ್ಲಿ ಕೂತಿದ್ದಾನೆ. ಬೈಕಿನ ಕೀ ನನ್ನ ದಿಂಬಿನ ಕೆಳಗಿದೆ. “ಕೀ ಕೊಡಕ್ಕ, ಭಾವನ ಮನೆಗೆ ಹೋಗಿ ಬರ್ತೀನಿ,” ಎನ್ನುತ್ತಾನೆ. ಇಲ್ಲ ಎನ್ನುತ್ತೇನೆ. ಮುರಿದು ಕೂಡಿದ ಕೈ ಬರೆಯುವುದು ಬಿಟ್ಟು ಮತ್ತೆ ಮತ್ತೆ ದಿಂಬಿನ ಕೆಳಗಿನ ಕೀ ಕಡೆಗೇ ಹೋಗುತ್ತಿದೆ. ಅವನು ಇನ್ನೊಂದು ಸಲ ಕೇಳಿದರೆ, ನಾನು ಕೊಟ್ಟು…