ಮನೆ ಖಾಲಿ ಮಾಡಿದ್ದೇನೆ

ಮಗನೇ,

ನೀನು ಕೇಳಿಕೊಂಡ ಹಾಗೆ ಸಂಜೆಗೆ ಮನೆ ಬಿಟ್ಟುಕೊಟ್ಟು ನಿನ್ನ ದೊಡ್ಡಮ್ಮನ ಮನೆಗೆ ಹೊರಟಿದ್ದೇನೆ. ತಾರಸಿಗೆ ಕಟ್ಟಿರುವ ದೀಪದ ಸರ ಚೆನ್ನಾಗಿದೆ. ಬಿಚ್ಚಿಡು. ಮದುವೆಯಾಗ್ತೀಯಾ ಅಂತ ಇದ್ದಕ್ಕಿದ್ದಂತೆ ಕೇಳಬೇಕು ಅಂದುಕೊಂಡಿದ್ದೆಯಲ್ಲ, ಆ ಹೊಲಿಗೆಯವಳು ಬರುವುದಿಲ್ಲ.

ಬೆಳಗ್ಗೆ ಅವಳ ಅಂಗಡಿಗೆ ಹೋಗಿದ್ದೆ. "ನಮ್ಮ ಹುಡುಗನಿಗೆ ಬೇರೆ ಕಡೆ ಹೆಣ್ಣು ಗೊತ್ತಾಗಿದೆ ಕಣಮ್ಮ, ಹೇಳೋಕೆ ಅವನಿಗೆ ಮುಜುಗರ," ಅಂದೆ. ಅವಳು ಅಳಲಿಲ್ಲ. ನನ್ನ ಸ್ವೆಟರಿನ ಗುಂಡಿ ಹೊಲಿದುಕೊಟ್ಟು, "ಮೆಟ್ಟಿಲು ಜೋಪಾನ ಅಮ್ಮಾ," ಅಂದಳು. ಒಳ್ಳೆಯ ಹುಡುಗಿಯೇ.

ಆದರೆ ನೀವಿಬ್ಬರೂ ಬೇರೆ ಮನೆ ಮಾಡಿದರೆ ನನ್ನನ್ನು ನೋಡಿಕೊಳ್ಳೋರು ಯಾರು?

ಅವಳಿಗೆ ಫೋನ್ ಮಾಡಬೇಡ, ಎತ್ತುವುದಿಲ್ಲ. ಫ್ರಿಜ್ಜಿನಲ್ಲಿರುವ ಕೇಕು ಹಳಸೋ ಮೊದಲು ತಿನ್ನು. ಆಮೇಲೆ ಬಂದು ನನ್ನನ್ನು ಕರೆದುಕೊಂಡು ಹೋಗು. ಕತ್ತಲಲ್ಲಿ ಒಬ್ಬಳೇ ಬರೋಕೆ ನನಗೆ ಭಯ.

ಅಮ್ಮ