ಗಾಜಿನಾಚೆಯ ಮಾತು

ಮಾರ್ಚ್ 3, ಬೆಳಿಗ್ಗೆ

ಇವತ್ತೂ ಬೀದಿ ಕೊನೆಯ ಔಷಧಿ ಅಂಗಡಿವರೆಗೆ ನಡೆದು ಬಂದೆ. ಏದುಸಿರಿಲ್ಲ. ಹಾರ್ಟ್ ಅಟ್ಯಾಕ್ ಆಗಿ ಐದು ವಾರ. ಇವರು ಹಿಂದಿನಿಂದ ಕೊಡೆ ಹಿಡಿದು — ಬಿಸಿಲೂ ಇಲ್ಲ, ಮೋಡವೂ ಇಲ್ಲ. ಯಾಕೆ ಅಂದರೆ, "ನೀನು ಬಿದ್ರೆ ನಾನು ಊರ್ಕೊಳ್ಳೋಕೆ." ಮದುವೆಯಾಗಿ ಇಷ್ಟು ವರ್ಷವಾದರೂ ಇವರ ಹಾಸ್ಯ ಸುಧಾರಿಸಿಲ್ಲ.

ಅಕ್ಕನ ಫೋನ್. ಅವಳು ಡಾಕ್ಟರಾಗಿರುವ ಆಸ್ಪತ್ರೆಯಲ್ಲೇ ನನ್ನ ಚಿಕಿತ್ಸೆ. ಎಕೋ ಸ್ಕ್ಯಾನಿನಲ್ಲಿ ಹೃದಯದ ತುದಿ ಸರಿಯಾಗಿ ಕಾಣಲಿಲ್ಲವಂತೆ, ಎಂಆರ್‌ಐ ಆಗಬೇಕಂತೆ. "ಸುಮ್ನೆ ಒಂದು ಫೋಟೋ ಕಣೇ. ಪೌಡರ್ ಹಚ್ಕೊಂಡು ಬಾ."

ಮಾರ್ಚ್ 6, ಮಧ್ಯಾಹ್ನ

ಆ ಕೊಳವೆಯೊಳಗೆ ಒಂದು ಗಂಟೆಯ ಹತ್ತಿರ. ಕಿವಿಗೆ ಹೆಡ್‌ಫೋನ್, ಎದೆ ಮೇಲೆ ಹಲಗೆಯಂಥದ್ದೇನೋ, ಕೈಗೆ ಸೂಜಿ. ಅಕ್ಕನೂ ಗಾಜಿನಾಚೆಯ ಕೋಣೆಯಲ್ಲೇ ಇದ್ದಳು. ಅಲ್ಲಿಂದ ಟೆಕ್ನಿಷಿಯನ್ ಹೆಂಗಸಿನ ದನಿ — "ಉಸಿರು ಬಿಡಿ... ಹಾಗೇ ಹಿಡ್ಕೊಳ್ಳಿ... ಈಗ ತಗೊಳ್ಳಿ." ಪ್ರತಿ ಚಿತ್ರಕ್ಕೂ ಹೀಗೇ.

ಒಂದು ಸಲ "ಹಿಡ್ಕೊಳ್ಳಿ" ಅಂದವಳು ಮೈಕ್ ಆರಿಸುವುದನ್ನು ಮರೆತಳು. ಯಂತ್ರದ ಗಡಗಡ ಸದ್ದು ನಿಂತಿತು. ಅಲ್ಲಿಯ ಮಾತೆಲ್ಲ ನನ್ನ ಕಿವಿಗೆ.

ಸ್ಕ್ಯಾನ್ ಓದುವ ಡಾಕ್ಟರು: "ತುದಿಯಲ್ಲಿ ಕಪ್ಪಗಿದೆಯಲ್ಲ, ರಕ್ತ ಹೆಪ್ಪುಗಟ್ಟಿದೆ. ಎಕೋಗೆ ಸಿಕ್ಕಿಲ್ಲ. ಕಿತ್ಕೊಂಡು ಮಿದುಳಿಗೆ ಹೋದ್ರೆ ಕಷ್ಟ. ಮೇಡಂ, ಈ ಕೆಳಗಿನ ಗೋಡೆ ನೋಡಿ. ತೆಳ್ಳಗಾಗಿದೆ, ಊತವೇ ಇಲ್ಲ. ಈ ಗಾಯ ಹಳೇದು. ಮೊದಲೊಂದು ಅಟ್ಯಾಕ್ ಆಗಿತ್ತಾ?"

ಅಕ್ಕ: "ಹೋದ ವರ್ಷ. ಇಸಿಜಿ ನಾನೇ ತೆಗ್ದಿದ್ದು. ಅವಳಿಗೆ ಗ್ಯಾಸ್ಟ್ರಿಕ್ ಅಂದಿದ್ವಿ. ಗಂಡನಿಗೆ ಗೊತ್ತು."

ಈಗ ತಗೊಳ್ಳಿ ಅಂತ ಯಾರೂ ಹೇಳಲಿಲ್ಲ. ಹಿಡಿದುಕೊಂಡೇ ಇದ್ದೆ.

ಮಾರ್ಚ್ 6, ಸಂಜೆ

ಹೋದ ವರ್ಷ... ದವಡೆ ನೋವು, ಬೆವರು, ವಾಂತಿ. ಅಕ್ಕ ಬೆನ್ನು ಸವರಿ, "ಎದೆಯುರಿ ಅಷ್ಟೇ" ಅಂದಿದ್ದಳು. ಆಮೇಲಿಂದ ಇವರು ದಿನಾ ಬೆಳಿಗ್ಗೆ ಚಹದ ಪಕ್ಕ ಎರಡು ಮಾತ್ರೆ ಇಡುತ್ತಿದ್ದರು. ಕ್ಯಾಲ್ಸಿಯಂ, ಮೂಳೆಗೆ ಅನ್ನುತ್ತಿದ್ದರು. ಎರಡು ಹೊತ್ತು ಹಾಲು ಕುಡಿಯುವವಳಿಗೆ ಕ್ಯಾಲ್ಸಿಯಂ ಯಾಕೆ? ಪಾಪ, ಪ್ರೀತಿಯಿಂದ ಕೊಡುತ್ತಾರೆ, ಬೇಡ ಅನ್ನುವುದು ಹೇಗೆ... ಇವರು ಬೆನ್ನು ತಿರುಗಿಸಿದ ಕೂಡಲೇ ಸಿಂಕಿಗೆ.

ಅವು ಹೃದಯದ ಮಾತ್ರೆಗಳು. ವರ್ಷವಿಡೀ ಸಿಂಕಿಗೆ.

ಹೇಳಿದ್ದರೆ ಒಂದೂ ತಪ್ಪಿಸುತ್ತಿರಲಿಲ್ಲ. ಈ ಎರಡನೆಯದು ಆಗುತ್ತಿತ್ತೋ ಇಲ್ಲವೋ. ಈಗ ಯಾರನ್ನು ಕೇಳಲಿ?

ಮಾರ್ಚ್ 11

ಹೆಪ್ಪು ಕರಗಲು ಹೊಸ ಮಾತ್ರೆ, ಮೂರು ತಿಂಗಳು. ಆಮೇಲೆ ಮತ್ತೆ ಎಂಆರ್‌ಐ. ಸ್ಟ್ರಿಪ್ಪಿನ ಮೇಲಿನ ಹೆಸರು ನಾನೇ ಓದುತ್ತೇನೆ. ಔಷಧಿ ಅಂಗಡಿಯಾತನನ್ನೂ ಕೇಳಿದೆ. ಆಮೇಲೆಯೇ ನುಂಗಿದ್ದು.

"ಇದೇನು, ನನ್ನ ಮೇಲೆ ನಂಬಿಕೆ ಇಲ್ವಾ?" ಇವರು ನಗುತ್ತಲೇ ಕೇಳಿದರು.

ನೀರು ಕುಡಿದೆ.

ಮಾರ್ಚ್ 12, ಸಂಜೆ

ಅಕ್ಕ ಬಂದಳು. ಇಬ್ಬರನ್ನೂ ಕೂರಿಸಿ ಹೇಳಿದೆ — ಹೆಡ್‌ಫೋನಿನಲ್ಲಿ ಕೇಳಿದ್ದು, ಸಿಂಕಿನ ವಿಷಯ, ಎಲ್ಲ. ದನಿ ಏರಿಸಲಿಲ್ಲ. ಸಿಂಕ್ ಅಂದಾಗ ಅಕ್ಕನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಪ್ಪನಿಗೆ ಕಾಯಿಲೆ ವಿಷಯ ನಿಜ ಹೇಳಿ ಏನಾಯ್ತು? ಹಾಸಿಗೆ ಹಿಡಿದೋರು ಏಳಲೇ ಇಲ್ಲ. ನೀನೂ ಅಪ್ಪನ ಪಡಿಯಚ್ಚು ಕಣೇ."

"ನಾನು ಅಪ್ಪ ಅಲ್ಲ."

"ನಿನ್ನ ಒಳ್ಳೇದಕ್ಕೇ ಮಾರಾಯ್ತಿ—"

"ಎದೆ ನಂದು ಅಕ್ಕ. ನನ್ನೊಬ್ಬಳನ್ನ ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತು."

ಇವರು ಅಳುತ್ತಿದ್ದರು. ಕೈ ಹಿಡಿಯಬೇಕೆನಿಸಿತು. ಹಿಡಿಯಲಿಲ್ಲ.

ಕೊನೆಗೆ ಕೇಳಿದೆ: "ನನಗೆ ಹೇಳದೆ ಇಟ್ಕೊಂಡಿರೋದು ಇನ್ನೇನಾದ್ರೂ ಇದೆಯಾ?"

ಸುಲಭದ ಪ್ರಶ್ನೆ. ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು.

ಅಕ್ಕ ಇವರ ಮುಖ ನೋಡಿದಳು. ಇವರು ಕಣ್ಣೊರೆಸಿಕೊಂಡು, ಬೇಡ ಅನ್ನುವಂತೆ ತಲೆ ತುಸುವೇ ಅಲ್ಲಾಡಿಸಿದರು — ನನಗಲ್ಲ, ಅವಳಿಗೆ.