ಎಡತೋಳಿನ ಬಿಳಿ ಬಿಲ್ಲೆ

ಜೂನ್ ೨, ಬೆಳಿಗ್ಗೆ ೭.೧೫

ಮತ್ತೆ ಬಿತ್ತು.

ಬಾಗಿಲ ಚೌಕಟ್ಟಿಗೆ ತಗುಲಿ ಬೀಳುವುದು ಹಳೆಯ ಕಥೆ. ಬನಿಯನ್ ಕಳಚುವಾಗ, ಟವೆಲ್‌ನಲ್ಲಿ ಒರೆಸಿಕೊಳ್ಳುವಾಗ, ಲ್ಯಾಬ್ ಕೋಟಿನ ತೋಳು ಎಳೆಯುವಾಗ — ಎಲ್ಲ ಆಗಿದೆ. ಇವತ್ತು ಷಟಲ್. ತೋಳಿಗೆ ಬಡಿಯಿತು. ಸಕ್ಕರೆ ಅಳೆಯುವ ಸೆನ್ಸರ್ ಬಿಲ್ಲೆ ಅರ್ಧ ಎದ್ದು, ಬೆವರಿನಲ್ಲಿ ಜಾರಿ, ನೂಲು ಬಿಟ್ಟ ಗುಂಡಿಯ ಹಾಗೆ ನೇತಾಡಿತು. ಒಳಗಿನ ಕೂದಲೆಳೆಯಂಥ ತಂತಿ ಒಮ್ಮೆ ಹೊರಗೆ ಬಂತೋ, ಮುಗಿಯಿತು. ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ಫೋನಿನಲ್ಲಿ ಸಕ್ಕರೆಯ ಅಂಕಿ ಹೋಗಿ ಬರೀ ಗೀಟು.

ಹೊಡೆದವನು ಷಡ್ಡಕ. ನನ್ನ ಹೆಂಡತಿಯ ತಂಗಿಯ ಗಂಡ. ನೆಟ್ಟಿನ ಆಚೆಯಿಂದ, "ಸಾರಿ ಭಾವ. ಷಟಲ್‌ಗೆ ಕಣ್ಣಿದೆಯಾ?"

ಷಟಲ್‌ಗೆ ಇಲ್ಲ. ಅವನಿಗೆ ಎರಡಿವೆ.

ತನ್ನ ಹೆಂಡತಿ ಕರೆಯುವ ಹಾಗೆ ತಾನೂ ಭಾವ ಅನ್ನುತ್ತಾನೆ. ಭಾವನೆ ಮಾತ್ರ ಸೊನ್ನೆ.

ಮನೆಗೆ ಬಂದರೆ ಇವಳು ಆಗಲೇ ಫೋನ್ ಹಿಡಿದು ಬಾಗಿಲಲ್ಲಿ. ನನ್ನ ಸಕ್ಕರೆ ಅವಳ ಫೋನಿಗೂ ಹೋಗುತ್ತದೆ. ಗಂಡನ ಮನಸ್ಸಿನಲ್ಲಿ ಏನಿದೆ ಗೊತ್ತಿಲ್ಲ, ರಕ್ತದಲ್ಲಿ ಏನಿದೆ ಅನ್ನುವುದು ಐದೈದು ನಿಮಿಷಕ್ಕೆ ಗೊತ್ತು.

"ಗೀಟು ಬರ್ತಿದೆ."

"ಬಿತ್ತು ಕಣೆ."

"ಸರಿ. ಬ್ಯಾಟ್ ಕೊಡಿ."

ಬ್ಯಾಟು ಬೀರುವಿನ ಮೇಲೆ ಹೋಯಿತು. ಒಪ್ಪಂದವೇ ಹಾಗೆ. ಮಾರ್ಚಿನಲ್ಲಿ ಇನ್ಸುಲಿನ್ ಚುಚ್ಚಿಕೊಂಡು ತಿಂಡಿ ಮರೆತು ಕೋರ್ಟಿಗೆ ಹೋದೆ. ಸಕ್ಕರೆ ಪಾತಾಳಕ್ಕೆ, ನಾನು ನೆಲಕ್ಕೆ. ಅವತ್ತಿನಿಂದ ಡಾಕ್ಟರಮ್ಮನ ಕಾನೂನು — ತೋಳಲ್ಲಿ ಸೆನ್ಸರ್ ಇದ್ದರೆ ಆಟ, ಇಲ್ಲದಿದ್ದರೆ ನೋಟ. ಕ್ಲಿನಿಕ್ಕಿನವರು ಕೊಡುವುದು ತಿಂಗಳಿಗೆ ಎರಡೇ. ಒಂದೊಂದೂ ಹದಿನಾಲ್ಕು ದಿನ ಬಾಳಬೇಕು. ಈ ತಿಂಗಳ ಮೊದಲನೆಯದಕ್ಕೆ ಬಾಲಾರಿಷ್ಟ.

ಜೂನ್ ೩

ಎರಡನೆಯದು ಅಂಟಿಸಿದೆ. ಇಷ್ಟು ವರ್ಷ ಕಾಲೇಜಿನಲ್ಲಿ ಕೆಮಿಸ್ಟ್ರಿ ಬಾಂಡಿಂಗ್ ಪಾಠ ಮಾಡಿದವನಿಗೆ ಸ್ವಂತ ತೋಳಿಗೆ ಒಂದು ಬಿಲ್ಲೆ ಅಂಟಿಸಲು ಬರುವುದಿಲ್ಲ ಅಂದರೆ ಮಾನ ಹೋಗುವ ವಿಷಯ.

ತೋಳಿನ ಕೂದಲು ಬೋಳಿಸಿದೆ. ಸೋಪಿನಲ್ಲಿ ತೊಳೆದೆ. ಸ್ಪಿರಿಟ್ ಒರೆಸಿ, ಬಾಯಿಂದ ಊದದೆ, ತಾನಾಗಿ ಒಣಗುವವರೆಗೆ ಕಾದೆ. ಟಕ್. ಮೇಲೆ ಪ್ಲಾಸ್ಟರ್ — ಮೂಲೆಗಳನ್ನು ದುಂಡಗೆ ಕತ್ತರಿಸಿ, ಮೂಲೆ ಇದ್ದರೆ ಅಲ್ಲಿಂದಲೇ ಏಳುತ್ತದೆ. ಅದರ ಮೇಲೊಂದು ಎಲಾಸ್ಟಿಕ್ ಪಟ್ಟಿ.

ಇವಳು ನೋಡಿ, "ಮದುವೆ ದಿನ ನನ್ನ ಕೈಯನ್ನೂ ಇಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ ನೀವು."

"ನೀನು ಬೆವರಿಗೆ ಜಾರುವವಳಲ್ಲವಲ್ಲ."

ಬ್ಯಾಟು ಕೆಳಗಿಳಿಯಿತು.

ಜೂನ್ ೮, ಬೆಳಿಗ್ಗೆ

ಷಡ್ಡಕನ ಸಮಸ್ಯೆ ಏನು ಅಂತ ಬರೆದಿಡುತ್ತೇನೆ. ನನ್ನ ಸಮಾಧಾನಕ್ಕೆ.

ಪ್ರತಿ ವರ್ಷ ನಮ್ಮ ಕ್ಲಬ್ಬಿನಿಂದ ನಲವತ್ತೈದು ದಾಟಿದವರ ಸಿಂಗಲ್ಸ್‌ಗೆ ಒಬ್ಬನೇ ಹೋಗುವುದು. ಇಷ್ಟು ದಿನ ಆ ಒಬ್ಬ ನಾನು. ಕ್ಲಬ್ಬಿನ ಗೋಡೆಯ ಮೇಲಿನ ಫೋಟೋಗಳಲ್ಲಿ ವರ್ಷ ವರ್ಷ ಕೂದಲು ಕಡಿಮೆ, ನಗು ಅಷ್ಟೇ. ಈ ವರ್ಷ ಅವನಿಗೂ ನಲವತ್ತೈದು ತುಂಬಿತು. ಜುಲೈ ಹನ್ನೆರಡಕ್ಕೆ ನಮ್ಮಿಬ್ಬರಿಗೂ ಆಟ. ಗೆದ್ದವನು ಹೋಗಬೇಕು. ಒಬ್ಬನಿಗೆ ಆಡಲಾಗದಿದ್ದರೆ ಇನ್ನೊಬ್ಬ ಆಡದೆಯೇ ಗೆದ್ದ ಹಾಗೆ.

ಅಂದರೆ ಅವನು ನನ್ನನ್ನು ಸೋಲಿಸಬೇಕಾಗಿಲ್ಲ. ಬಿಲ್ಲೆ ಬೀಳಿಸಿದರೆ ಸಾಕು.

ಅವನದು ಟೈಲ್ಸ್ ಅಂಗಡಿ. ನೆಲಕ್ಕೆ ಅಂಟಿಸುವುದು ವೃತ್ತಿ. ತೋಳಿನಿಂದ ಕೀಳುವುದು ಪ್ರವೃತ್ತಿ.

ಇವತ್ತೂ ಎರಡು ಸಲ ಎಡತೋಳಿಗೇ ಬಂತು. ಪಟ್ಟಿ ಕಾಪಾಡಿತು. ನನ್ನದು ಸಂಶಯವೋ, ಅವನದು ಸಂಚೋ... ಸಾಕ್ಷಿ ಇಲ್ಲದೆ ಬಾಯಿ ಬಿಡುವುದು ಬೇಡ.

ಜೂನ್ ೧೧, ಸಂಜೆ

ಸಾಕ್ಷಿ ಸಿಕ್ಕಿತು. ಸೆನ್ಸರ್ ಹೋಯಿತು. ಎರಡೂ ಒಂದೇ ದಿನ.

ಬೆಳಿಗ್ಗೆ ಮೂರನೇ ಗೇಮಿನಲ್ಲಿ ಪಟ್ಟಿ ಬೆವರಿಗೆ ಸರಿದಿತ್ತು. ಅಲ್ಲಿಗೇ ಕಾದಿದ್ದವನ ಹಾಗೆ ಹೊಡೆದ. ಬಿಲ್ಲೆ, ಪ್ಲಾಸ್ಟರ್, ಬೋಳಿಸುವಾಗ ಉಳಿದಿದ್ದ ನಾಲ್ಕು ಕೂದಲು — ಸಕುಟುಂಬ ಸಮೇತ ನೆಲಕ್ಕೆ.

"ಅಯ್ಯೋ ಭಾವ, ಮತ್ತೆ ಹೋಯ್ತಾ? ಆ ಕಂಪನಿಯವರು ಒಳ್ಳೇ ಗೋಂದು ಹಾಕ್ಬಾರ್ದಾ? ನಮ್ಮ ಅಂಗಡಿಗೆ ಬನ್ನಿ, ಗ್ರಾನೈಟ್ ನಿಲ್ಲೋ ಗಮ್ಮಿದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಲ್ಲು ಕಡಿಯುವುದಕ್ಕೂ ನಗುವುದಕ್ಕೂ ಹಲ್ಲು ಒಂದೇ.

ನೆಟ್ ಬಿಚ್ಚುತ್ತಿದ್ದ ಮಾರ್ಕರ್, ಕೋರ್ಟು ನೋಡಿಕೊಳ್ಳುವ ಹುಡುಗ, ಹತ್ತಿರ ಬಂದ. "ಸರ್, ಒಂದು ಕೇಳ್ಲಾ? ನಿಮ್ಮ ಷಡ್ಡಕರು ಮಧ್ಯಾಹ್ನ ಒಬ್ರೇ ಬರ್ತಾರೆ. ಆ ಕಡೆ ಒಂದು ಕುರ್ಚಿ ಇಟ್ಟು, ಅದರ ಎಡಗೈಗೆ ಬಿಳಿ ಟೇಪು ಅಂಟಿಸಿ, ಅದಕ್ಕೇ ಹೊಡೀತಾರೆ. ಯಾವ ಥರ ಪ್ರಾಕ್ಟೀಸು ಅದು?"

"ಕುರ್ಚಿ ಆಸೆ ಕಣಪ್ಪ."

ಷಡ್ಡಕನಿಗೂ ಷಡ್ಯಂತ್ರಕ್ಕೂ ಮೊದಲಕ್ಷರ ಒಂದೇ. ಮದುವೆ ಮಾತುಕತೆಯಲ್ಲೇ ನೋಡಿಕೊಳ್ಳಬೇಕಿತ್ತು.

ಮನೆಯಲ್ಲಿ ಕುರ್ಚಿಯ ಕಥೆ ಹೇಳಿದೆ. ಇವಳು ನಂಬಲಿಲ್ಲ. "ಪಾಪ, ಮೊನ್ನೆ ತಂಗಿ ಜೊತೆ ಬಂದು ನಿಮ್ಮ ಆರೋಗ್ಯ ಎಷ್ಟು ವಿಚಾರಿಸಿದ್ರು ಗೊತ್ತಾ? ಬಿದ್ದರೆ ಬೇರೆ ಸಿಗುತ್ತಾ, ಎಷ್ಟು ದಿನಕ್ಕೆ ಸಿಗುತ್ತೆ, ಎಲ್ಲ ಕೇಳಿದ್ರು."

"ಕೇಳ್ತಾನೆ, ಕೇಳದೆ ಇರ್ತಾನಾ."

"ನೋಡಿ, ಇನ್ನೊಂದು ಹೀಗೆ ಬಿತ್ತು ಅಂದ್ರೆ ಬ್ಯಾಟು ಬೀರು ಮೇಲಲ್ಲ, ಅಟ್ಟಕ್ಕೆ. ಮತ್ತೆ ಇಳಿಯಲ್ಲ. ನಿಮಗೆ ಸೆನ್ಸರ್ ಇದೆ, ಸೆನ್ಸ್ ಇಲ್ಲ."

ಜುಲೈ ಒಂದರವರೆಗೆ ಬೇರೆ ಸೆನ್ಸರ್ ಇಲ್ಲ. ಬೆರಳು ಚುಚ್ಚಿ ನೋಡಿಕೊಳ್ಳಬೇಕು.

ಜೂನ್ ೨೫

ದಿನಾ ಹೋಗಿ ಬೆಂಚಿನ ಮೇಲೆ ಕೂರುತ್ತೇನೆ. ಅವನು ಆಡುತ್ತಾನೆ. ಪಾಯಿಂಟಿಗೊಮ್ಮೆ ನನ್ನ ಕಡೆ ನೋಡಿ, "ಸಕ್ಕರೆ ಹೇಗಿದೆ ಭಾವ?"

"ನಿನ್ನ ಮಾತು ಕೇಳಿದಾಗೆಲ್ಲ ಏರುತ್ತೆ."

ಬೆಂಚಿನಿಂದ ಒಂದು ಕಂಡುಕೊಂಡೆ. ಬೇರೆಯವರ ಜೊತೆ ಆಡುವಾಗ ಅವನ ಹೊಡೆತ ನಾಲ್ಕು ಮೂಲೆಗೂ ಹೋಗುತ್ತದೆ. ನನ್ನ ಜೊತೆ ಮಾತ್ರ ಒಂದೇ ಕಡೆ. ಬಿಳಿ ಬಿಲ್ಲೆ ಕಂಡರೆ ಅವನಿಗೆ ಕೋರ್ಟು ಕಾಣುವುದಿಲ್ಲ.

ಮೇಜಿನ ಡ್ರಾಯರ್ ತೆಗೆದೆ. ಹನ್ನೊಂದರಂದು ಸತ್ತ ಬಿಲ್ಲೆ ಇನ್ನೂ ಅಲ್ಲೇ ಇತ್ತು. ತಂತಿ ಕಿತ್ತು ಹಾಕಿದೆ. ಹಿಂಬದಿ ಒರೆಸಿ ಇಟ್ಟೆ.

ಹಲ್ಲು ಕಿತ್ತ ಹಾವು. ಆದರೆ ಹಾವಾಡಿಸಲು ಅಷ್ಟು ಸಾಕು.

ಜುಲೈ ೧

ಹೊಸ ಸೆನ್ಸರ್ ಬಂತು. ಅಂಟಿಸಿದ್ದು ಬಲತೋಳಿನ ಹಿಂದೆ. ಅದರ ಮೇಲೆ ಚರ್ಮದ ಬಣ್ಣದ ಪ್ಲಾಸ್ಟರು, ಅದರ ಮೇಲೆ ಕಪ್ಪು ಎಲಾಸ್ಟಿಕ್ ತೋಳುಚೀಲ. ಕೇಳಿದವರಿಗೆ ಮೊಣಕೈ ನೋವು.

ಎಡತೋಳಿನಲ್ಲಿ, ಎಲ್ಲರಿಗೂ ಕಾಣುವಂತೆ, ದಿವಂಗತ.

ಇವಳಿಗೆ ತೋರಿಸಿದೆ. ಎರಡೂ ತೋಳು ನೋಡಿದಳು.

"ಇದು ಮೋಸ ಅಲ್ವಾ?"

"ಗುರಿ ಇಟ್ಟವನಿಗೆ ಮಾತ್ರ. ಇಡದವನಿಗೆ ಏನೂ ನಷ್ಟ ಇಲ್ಲ."

"ನಿಮ್ಮದು ಬರೀ ಅನುಮಾನ."

"ಹಾಗಾದ್ರೆ ತಂಗಿಗೆ ಹೇಳಬೇಡ. ಹನ್ನೆರಡನೇ ತಾರೀಕಿನವರೆಗೆ. ನನ್ನದು ತಪ್ಪು ಅಂತಾದ್ರೆ ನಾನೇ ಬ್ಯಾಟ್ ಅಟ್ಟಕ್ಕೆ ಹಾಕ್ತೀನಿ."

ಕೈ ಚಾಚಿದಳು. ಬಲಗೈ ಕೊಟ್ಟೆ, ಹುಷಾರಾಗಿ.

ಪಣ ದೊಡ್ಡದಾಯಿತು.

ಜುಲೈ ೧೨, ಬೆಳಿಗ್ಗೆ ೯.೩೦

ಅಕ್ಷರ ಸಾಲಿನಲ್ಲಿ ನಿಲ್ಲುತ್ತಿಲ್ಲ. ಸಕ್ಕರೆ ಅಲ್ಲ. ಸುಖ.

ಎಂಟು ಜನ ನೋಡಲು ಬಂದಿದ್ದರು. ಅವನು ಮೊದಲ ನೋಟವನ್ನೇ ಎಡತೋಳಿಗೆ ಕೊಟ್ಟ. ನಮಸ್ಕಾರ ಎರಡನೆಯದು.

ಮೊದಲ ಸ್ಮ್ಯಾಷ್ ಎಡತೋಳಿಗೆ. ಅಲ್ಲಿಗೇ ಬರುತ್ತದೆ ಅಂತ ಗೊತ್ತಿದ್ದವನು ಅರ್ಧ ಹೆಜ್ಜೆ ಎಡಕ್ಕೆ, ಬ್ಯಾಟಿನ ಬೆನ್ನು ಮುಂದೆ. ಷಟಲ್ ಬಂದ ವೇಗದಲ್ಲೇ ವಾಪಸ್ಸು, ಅವನು ಇಲ್ಲದ ಮೂಲೆಗೆ. ಎರಡನೆಯದೂ ಅಲ್ಲಿಗೇ. ಮೂರನೆಯದೂ. ಪತ್ರ ಹಾಕಿ ತಿಳಿಸಿ ಬರುವ ನೆಂಟನ ಹಾಗೆ ಬರುತ್ತಿದ್ದವು. ಬರಮಾಡಿಕೊಳ್ಳುವುದಷ್ಟೇ ನನ್ನ ಕೆಲಸ.

ಸೋಲುತ್ತಿದ್ದಾನೆ, ಗೊತ್ತಾಗುತ್ತಿದೆ, ಆದರೂ ಬಿಡಲೊಲ್ಲ. ಬಿಲ್ಲೆ ಬಿದ್ದರೆ ನನ್ನನ್ನು ಕೋರ್ಟಿನಿಂದ ಎಳೆಯುತ್ತಾರೆ, ಪಾಯಿಂಟು ಎಷ್ಟಿದ್ದರೇನು ಅನ್ನುವ ಲೆಕ್ಕ. ಖಾಲಿ ಕೋರ್ಟು ಬಲಗಡೆ ಹಾಸಿಕೊಂಡು ಬಿದ್ದಿತ್ತು. ಒಂದು ಸಲ ಅಲ್ಲಿಗೆ ಹೊಡೆದಿದ್ದರೆ ನನ್ನ ಕಥೆ ಅಷ್ಟೇ.

ಎರಡನೇ ಗೇಮಿನ ಕೊನೆಯಲ್ಲಿ ಒಂದನ್ನು ಬೇಕೆಂದೇ ತಡೆಯಲಿಲ್ಲ. ತೋಳು ಕೊಟ್ಟೆ. ಬಡಿಯಿತು. ದಿವಂಗತ ಹಾರಿ ಅಷ್ಟು ದೂರ ಬಿದ್ದ.

ಅವನು ಷಟಲ್ ಎತ್ತಲಿಲ್ಲ. ಬಿಲ್ಲೆಯನ್ನೂ ಎತ್ತಲಿಲ್ಲ. ಬ್ಯಾಗಿನ ಹತ್ತಿರ ಓಡಿ ಫೋನ್ ಎತ್ತಿದ. "ಅತ್ತಿಗೆ, ಭಾವನ ಸೆನ್ಸರ್ ಬಿದ್ದೋಯ್ತು. ಹೌದು, ಈಗಲೇ, ನನ್ನ ಕಣ್ಣೆದುರೇ. ಆಡಿಸೋದು ಅಪಾಯ ಅಲ್ವಾ? ನೀವೇ ಹೇಳ್ಬಿಡಿ, ನಾನು ಹೇಳಿದ್ರೆ ಕೇಳಲ್ಲ." ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದ.

ಇವಳ ದನಿ ಕೋರ್ಟಿಗೆಲ್ಲ ಕೇಳಿತು.

"ಬಿದ್ದಿದೆಯಾ? ನನ್ನ ಫೋನಲ್ಲಿ ನೂರ ಹದಿನೆಂಟು ತೋರಿಸ್ತಿದೆಯಲ್ಲ. ಈಗ ನೂರ ಹತ್ತೊಂಬತ್ತು. ನೆಲಕ್ಕೂ ಸಕ್ಕರೆ ಕಾಯಿಲೆ ಬಂತೇ?"

ನಾನು ನಿಧಾನವಾಗಿ ಬಲತೋಳಿನ ಚೀಲ ಸರಿಸಿದೆ.

"ಇನ್ನೊಂದು ವಿಷಯ," ಫೋನಿನಿಂದ. "ಮಾರ್ಚಿನಲ್ಲಿ ಇವರೇ ಬಿದ್ದ ದಿನ ನೀವು ಫೋನ್ ಮಾಡಿರಲಿಲ್ಲ. ಬಿಲ್ಲೆ ಬಿದ್ದಿದ್ದಕ್ಕೆ ಮಾಡಿದ್ರಿ. ಸಂಜೆ ತಂಗಿ ಜೊತೆ ಮಾತಾಡ್ತೀನಿ."

ಉಳಿದ ಪಾಯಿಂಟುಗಳನ್ನು ಅವನು ಆಡಲಿಲ್ಲ, ಒಪ್ಪಿಸಿದ. ಮಾರ್ಕರ್ ಒಂದು ಕುರ್ಚಿ ತಂದು ಪಕ್ಕದಲ್ಲಿಟ್ಟು, "ಕೂತ್ಕೊಳ್ಳಿ ಸರ್" ಅಂದ. ಅದೇ ಕುರ್ಚಿ. ಎಡಗೈಯಲ್ಲಿ ಟೇಪಿನ ಅಂಟು ಇನ್ನೂ ಇತ್ತು.

ಹೊಟ್ಟೆಯಲ್ಲಿ ಹಾಲು ಹೊಯ್ದ ಹಾಗಾಯಿತು. ಸಕ್ಕರೆ ಹಾಕದ್ದು.

ಆಗಸ್ಟ್ ೨೪

ಬರೆಯದೆ ಎಷ್ಟು ದಿನವಾಯಿತು. ಗೆದ್ದವನಿಗೆ ಡೈರಿ ಬೇಕಾಗುವುದಿಲ್ಲ. ಹೊರಗಿನ ಕ್ಲಬ್ಬಿನಲ್ಲಿ ಎರಡನೇ ಸುತ್ತಿಗೇ ಸೋತೆ. ಅದು ಯಾರಿಗೆ ಬೇಕು. ಫೋಟೋ ಗೋಡೆಗೆ ಬಂತು.

ಷಡ್ಡಕ ಅಂದಿನಿಂದ ಕೋರ್ಟಿಗೆ ಬಂದಿರಲಿಲ್ಲ. ಇವತ್ತು ಮನೆಗೇ ಬಂದ. ಹೆಂಡತಿ ಮುಂದೆ, ಅವನು ಹಿಂದೆ. ಸೊರಗಿದ್ದಾನೆ. ತಿಂಗಳಿಂದ ಬಾಯಾರಿಕೆ, ಸುಸ್ತು, ಕಣ್ಣು ಮಂಜು. ರಕ್ತ ಪರೀಕ್ಷೆ ಆಯಿತು. ನಮ್ಮ ಡಾಕ್ಟರಮ್ಮನೇ. ಇನ್ಸುಲಿನ್ ಶುರು.

ಕೈಯಲ್ಲಿ ಪುಟ್ಟ ಡಬ್ಬಿ. ನನಗೆ ಗುರುತಿಲ್ಲದ ಡಬ್ಬಿಯೇ ಅದು?

"ಭಾವ... ಇದನ್ನ ಬೀಳದ ಹಾಗೆ ಅಂಟಿಸೋದು ನಿಮಗೇ ಗೊತ್ತು ಅಂದಳು ಇವಳು."

ನಾದಿನಿ ಹೇಳಿದಳು: "ಬಿದ್ದರೆ ಬ್ಯಾಟ್ ಅಟ್ಟಕ್ಕೆ ಅಂತ ಹೇಳಿದೀನಿ ಭಾವ. ಅಕ್ಕನ ಕಾನೂನೇ ನಮ್ಮನೇಲೂ."

ಪಾಪ ಅನ್ನಿಸಿತು. ಎಷ್ಟು ಹೊತ್ತು? ಸ್ಪಿರಿಟ್ ಆರುವಷ್ಟು.

"ಯಾವ ತೋಳು ಭಾವ?"

ಇವಳು ಕಾಫಿ ಲೋಟ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು.

"ಎಡಗಡೆ," ಅಂದೆ. "ಬ್ಯಾಟ್ ಹಿಡಿಯೋ ಕೈ ಬೇಡ. ಡಾಕ್ಟರಮ್ಮನೂ ಅದೇ ಹೇಳ್ತಾರೆ."

ಸುಳ್ಳಲ್ಲ. ಅಲ್ಲೇ ಅದರ ಸೊಗಸು.

ಬೋಳಿಸಿದೆ, ತೊಳೆದೆ, ಒರೆಸಿದೆ, ಕಾದೆ. ಟಕ್. ಮೂಲೆ ದುಂಡಗೆ ಕತ್ತರಿಸಿದ ಪ್ಲಾಸ್ಟರ್. ನನ್ನ ತೋಳಿಗೂ ಇಷ್ಟು ಚೆಂದ ಅಂಟಿಸಿಕೊಂಡಿರಲಿಲ್ಲ.

ಆಗಸ್ಟ್ ೨೮, ಬೆಳಿಗ್ಗೆ ೭.೨೦

ಬಂದ. ಅರ್ಧ ತೋಳಿನ ಶರ್ಟು. ಕೆಳಗೆ ಬಿಳಿ ಬಿಲ್ಲೆ, ಹಪ್ಪಳದಷ್ಟು ಅಗಲ ಕಾಣುತ್ತಿತ್ತು ನನ್ನ ಕಣ್ಣಿಗೆ.

ಶುರುವಿಗೆ ಮೊದಲು ನೆಟ್ಟಿನ ಹತ್ತಿರ ಬಂದು ಮೆಲ್ಲಗೆ, "ಭಾವ, ಇಲ್ಲಿಗೆ ಹೊಡೆಯಲ್ಲ ತಾನೇ?"

"ಷಟಲ್‌ಗೆ ಕಣ್ಣಿದೆಯಾ?"

ಮುಖ ಸುಣ್ಣ.

ಮೊದಲ ರ‍್ಯಾಲಿಯಲ್ಲೇ ಷಟಲ್ ಎತ್ತರಕ್ಕೆ ಬಂತು. ಬ್ಯಾಟ್ ಎತ್ತಿದೆ. ಎಷ್ಟು ದಿನ ಕಾದ ಹೊಡೆತ. ಹೊಡೆಯುವ ಮೊದಲು ಅವನ ಎಡತೋಳನ್ನು ಒಮ್ಮೆ ನೋಡಿದೆ, ಅಷ್ಟೇ. ಅವನ ಬಲಗೈ ಬ್ಯಾಟ್ ಸಮೇತ ಹೋಗಿ ಬಿಲ್ಲೆಯನ್ನು ಮುಚ್ಚಿತು. ಕೋರ್ಟೆಲ್ಲ ಖಾಲಿ. ಬ್ಯಾಟಿನಿಂದ ಸುಮ್ಮನೆ ಮುಟ್ಟಿದೆ. ಷಟಲ್ ನೆಟ್ ದಾಟಿ ಅವನ ಕಾಲ ಬುಡದಲ್ಲಿ ಕೂತಿತು.

ಮತ್ತೊಮ್ಮೆ ನೋಡಿದೆ. ಮತ್ತೆ ಮುಚ್ಚಿಕೊಂಡ. ಮತ್ತೆ ಪಾಯಿಂಟು.

ಹೊಡೆಯಬೇಕಾಗಿಯೇ ಇಲ್ಲ. ನೋಡಿದರೆ ಸಾಕು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ, ಹಾವು ಮಾತ್ರ ದಿನಾ ಬೆಳಿಗ್ಗೆ ಆರಕ್ಕೆ ಬಂದು ನಡುಗುತ್ತದೆ.

ಆಟ ಮುಗಿದಾಗ ಅವನ ಪ್ಲಾಸ್ಟರಿನ ಅಂಚು ಬೆವರಿಗೆ ಒಂದಿಷ್ಟು ಎದ್ದಿತ್ತು. ನೋಡಿಕೊಂಡು ಗಾಬರಿಯಾದ. ಬೆಂಚಿಗೆ ಕರೆದೆ. ಒರೆಸಿ, ಒಣಗಿಸಿ, ಮೇಲೊಂದು ಹೊಸದು ಸುತ್ತಿದೆ. ಅವನ ಕಣ್ಣು ತುಂಬಿತು. "ಇಷ್ಟೆಲ್ಲ ಆದ ಮೇಲೂ ನೀವು... ದೊಡ್ಡವರು ಭಾವ."

ಬೆನ್ನು ತಟ್ಟಿದೆ.

ಬೀಳಬಾರದು. ಬಿದ್ದರೆ ನಾದಿನಿ ಬ್ಯಾಟ್ ಅಟ್ಟಕ್ಕೆ ಹಾಕುತ್ತಾಳೆ, ಇವನು ಮನೆಯಲ್ಲಿ ಹಾಯಾಗಿ ಕಾಲು ಚಾಚುತ್ತಾನೆ, ಬೆಳಿಗ್ಗೆ ಎದ್ದು ನಾನು ನೋಡಲು ಯಾರ ತೋಳಿರುತ್ತದೆ? ಇನ್ನೂ ಹತ್ತು ದಿನ ಬಾಳಬೇಕು ಅದು. ಆಮೇಲೆ ಹೊಸದು, ಅದಕ್ಕೂ ನನ್ನ ಹತ್ತಿರವೇ ಬರುತ್ತಾನೆ. ಕೆಳಗಿನ ಅಂಚು ಇನ್ನೂ ಅಷ್ಟು ಗಟ್ಟಿಯಾಗಿ ಕೂತಿಲ್ಲ, ನಾಳೆ ಸ್ವಲ್ಪ ಬೇಗ ಹೋಗಿ ಇನ್ನೊಂದು ಪದರ ಸುತ್ತಬೇಕು.